ಆ್ಯಂಟೀಟಮ್ ಹಳ್ಳದ ಲೆಕ್ಕ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಆ್ಯಂಟೀಟಮ್ ಎಂಬ ಹಳ್ಳವೊಂದು ಹರಿದು ಪೊಟೊಮ್ಯಾಕ್ ನದಿಯನ್ನು ಸೇರುತ್ತದೆ. ಕೆಲವೆಡೆ ನಡೆದೇ ದಾಟಬಹುದಾದಷ್ಟು ಚಿಕ್ಕದು. 1862ರ ಸೆಪ್ಟೆಂಬರ್ 17ರಂದು, ಅಂತರ್ಯುದ್ಧದ ಕಾಲದಲ್ಲಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಹೊರಟ ದಕ್ಷಿಣದ ಸೇನೆ ಈ ಹಳ್ಳವನ್ನು ಮುಂದಿಟ್ಟುಕೊಂಡು ನಿಂತಿತು. ಸಂಜೆಯ ಹೊತ್ತಿಗೆ ಎರಡೂ ಕಡೆಗಳಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000 ಮಂದಿ.

ಹಳ್ಳದ ಮೇಲೆ 1836ರಲ್ಲಿ ಕಟ್ಟಿದ, 12 ಅಡಿ ಅಗಲದ ಕಲ್ಲುಸೇತುವೆಯೊಂದಿತ್ತು. ಎದುರಿನ ದಿಣ್ಣೆಯ ಮೇಲಿದ್ದ ಜಾರ್ಜಿಯಾದ ಸುಮಾರು 500 ಸೈನಿಕರು, ಸೇತುವೆ ದಾಟಬಂದ ಉತ್ತರದ ಸೇನಾನಿ ಬರ್ನ್‌ಸೈಡನ ಸಾವಿರಾರು ಸೈನಿಕರನ್ನು ಸುಮಾರು ಮೂರು ಗಂಟೆ ತಡೆದರು. ಆ ವಿಳಂಬದಲ್ಲಿ ದಕ್ಷಿಣಕ್ಕೆ ಹೊಸ ಪಡೆ ಬಂದು ಸೇರಿತು. ರೈತರ ಬಂಡಿಗಳು ಓಡಾಡುತ್ತಿದ್ದ ಸೇತುವೆಗೆ ಇಂದು ಬರ್ನ್‌ಸೈಡನ ಹೆಸರು! ಲೋಕದ ರೀತಿಯೇ ಹಾಗೆ.

ನನ್ನನ್ನು ಹೆಚ್ಚು ಕಾಡಿದ್ದು ಸೇತುವೆಯಲ್ಲ, ರಣರಂಗದ ನಡುವೆ ಇದ್ದ ಗೋಪುರವಿಲ್ಲದ ಒಂದು ಪ್ರಾರ್ಥನಾಮಂದಿರ. ಗೋಪುರವೂ ಆಡಂಬರವೆಂದು ಬಿಟ್ಟ ಡಂಕರ್ ಎಂಬ ಕ್ರೈಸ್ತ ಪಂಗಡದವರದು ಅದು. ನೀರಿನಲ್ಲಿ ಮೂರು ಬಾರಿ ಮುಳುಗೆದ್ದು ದೀಕ್ಷೆ ಪಡೆಯುವ ಅವರಿಗೆ ಶಸ್ತ್ರ ಹಿಡಿಯುವುದು ನಿಷಿದ್ಧ, ಗುಲಾಮರನ್ನು ಇಟ್ಟುಕೊಳ್ಳುವುದೂ ನಿಷಿದ್ಧ. ಅಹಿಂಸೆಯನ್ನು ಪರಮಧರ್ಮವೆನ್ನುವ ನಮಗೆ ಅವರು ದೂರದವರೆನಿಸುವುದಿಲ್ಲ. ಅಂಥವರ ಹೊಲಗಳಲ್ಲೇ ಆ ದಿನದ ಸಂಹಾರ ನಡೆಯಿತು.

ದಕ್ಷಿಣದ ಸೇನೆ ಹಿಮ್ಮೆಟ್ಟಿತು. ಐದನೆಯ ದಿನ, ಸೆಪ್ಟೆಂಬರ್ 22ರಂದು, ಅಧ್ಯಕ್ಷ ಲಿಂಕನ್ನರು ದಂಗೆಯೆದ್ದ ರಾಜ್ಯಗಳ ಗುಲಾಮರು ಹೊಸವರ್ಷದಿಂದ ಸ್ವತಂತ್ರರೆಂದು ಸಾರಿದರು. ಅದಕ್ಕೆ ಅವರು ಕಾದಿದ್ದುದು ಒಂದು ಗೆಲುವಿಗಾಗಿ. (ಹಳ್ಳ ಹರಿಯುವ ಮೇರಿಲ್ಯಾಂಡ್ ದಂಗೆಯೇಳದ್ದರಿಂದ ಅಲ್ಲಿನ ಗುಲಾಮರು 1864ರ ನವೆಂಬರ್‌ವರೆಗೆ ಕಾಯಬೇಕಾಯಿತು.)

ಹಾಗಾದರೆ ಡಂಕರರ ಎರಡು ವ್ರತಗಳಲ್ಲಿ ಒಂದು ಅವರ ನೆಲದಲ್ಲೇ ಭಂಗವಾದುದರಿಂದ ಇನ್ನೊಂದು ಫಲಿಸಿತೆ? ಜೀವಮಾನವೆಲ್ಲ ಜಮಾಖರ್ಚು ಬರೆದ ನಾನು ಈ ಲೆಕ್ಕವನ್ನು ಒಪ್ಪಲಾರೆ. ಒಬ್ಬನ ಖಾತೆಯ ಖರ್ಚನ್ನು ಇನ್ನೊಬ್ಬನ ಖಾತೆಯ ಜಮೆಯಿಂದ ವಜಾ ಮಾಡುವಂತಿಲ್ಲ; ಪ್ರಾಣ ತೆತ್ತವನು ಒಬ್ಬ, ಬಿಡುಗಡೆ ಹೊಂದಿದವನು ಮತ್ತೊಬ್ಬ. ಆದರೆ ಯುದ್ಧ ಬೇಡ, ಇನ್ನಷ್ಟು ಕಾಲ ತಾಳಿ ಎಂದು ಆ ಗುಲಾಮನಿಗೆ ಹೇಳುವ ಅಧಿಕಾರ, ಕಾಲಿಗೆ ಸರಪಳಿಯಿಲ್ಲದ ನಮಗೆ ಇದೆಯೆ? ಇಲ್ಲಿ ನನ್ನ ಲೇಖನಿ ನಿಲ್ಲುತ್ತದೆ.

ಮಂದಿರಕ್ಕೆ ಭೂಮಿ ದಾನವಿತ್ತ ಮುಮ್ಮಾ ಕುಟುಂಬದ ಮನೆಯನ್ನು ದಕ್ಷಿಣದ ಸೈನಿಕರು ಅಂದು ಸುಟ್ಟುಹಾಕಿದ್ದರು. ಶತ್ರು ಮಾಡಿದ ಹಾನಿಯೆಂದು ಸರ್ಕಾರ ಪರಿಹಾರ ಕೊಡಲಿಲ್ಲ. ಮರುವರ್ಷ ಆ ಕುಟುಂಬದವರು ಮನೆಯನ್ನು ತಾವೇ ಮತ್ತೆ ಕಟ್ಟಿಕೊಂಡರು.