ಮಾನವನದೆಂಬ ವಸ್ತು ಯಾರದು?

ಜೀವಶಾಸ್ತ್ರದ ಪ್ರಯೋಗಶಾಲೆಗಳಿಗೆ ಬರುವ ಒಂದು ಬಗೆಯ ಸಣ್ಣ ಸೀಸೆಯ ಮೇಲೆ ಎರಡು ಮಾತುಗಳು ಅಚ್ಚಾಗಿರುವುವು. ಒಳಗಿರುವುದು ಮಾನವ ಪ್ರೋಟೀನು ಎಂಬುದು ಮೊದಲನೆಯದು. ಅದು ಸಂಶೋಧನೆಗೆ ಮಾತ್ರ, ಮನುಷ್ಯರ ಉಪಯೋಗಕ್ಕಲ್ಲ ಎಂಬುದು ಎರಡನೆಯದು. ಮಾನವನದೆಂದು ಹೇಳಿಸಿಕೊಂಡು ಮಾನವನಿಗೇ ಸಲ್ಲದ ಈ ವಸ್ತುವಿನ ವಿಷಯದಲ್ಲಿ ಧರ್ಮಜಿಜ್ಞಾಸೆಗೆ ಎಡೆಯುಂಟು.

ಮೈಸೂರಿನ ಲಕ್ಷ್ಮೀಪುರಂನಲ್ಲಿ ಒಂದು ಹಳೆಯ ಮನೆಯನ್ನು ಊಹಿಸಿಕೊಳ್ಳಬಹುದು. ಮಾನಸಗಂಗೋತ್ರಿಯಲ್ಲಿ ಓದುವ ಮೊಮ್ಮಗಳು ಸಂಜೆ ಮನೆಗೆ ಬಂದು, ಅಂದು ತಾನು ಕಂಡ ಸೀಸೆಯ ಸಂಗತಿಯನ್ನು ಹೇಳುತ್ತಾಳೆ. “ಯಾರ ಮೈಯಿಂದ ತೆಗೆದದ್ದು ಕಣೇ ಅದು?” ಎಂದು ಅಜ್ಜಿ ಕೇಳುತ್ತಾರೆ. “ಯಾರ ಮೈಯಿಂದಲೂ ಅಲ್ಲ ಅಜ್ಜಿ, ಬ್ಯಾಕ್ಟೀರಿಯ ಮಾಡಿಕೊಟ್ಟದ್ದು.” “ಹಾಗಾದರೆ ಮನುಷ್ಯನದು ಅಂತ ಯಾಕೆ ಅಂತೀರಿ?” ಈ ಪ್ರಶ್ನೆ ವೃದ್ಧೆಯ ಮೌಢ್ಯವೆಂದು ನಕ್ಕುಬಿಡತಕ್ಕದ್ದಲ್ಲ.

ಜೀವಕೋಶದ ಒಳಗೆ ಅತಿ ಸೂಕ್ಷ್ಮವಾದ ಚೀಲಗಳು ಸರಕು ಹೊತ್ತು ಒಂದೆಡೆಯಿಂದ ಇನ್ನೊಂದೆಡೆಗೆ ಸದಾ ಸಂಚರಿಸುತ್ತಿರುತ್ತವೆ. ಈ ಸಂಚಾರದ ಕ್ರಮವನ್ನು ಬಿಡಿಸಿ ತೋರಿದುದಕ್ಕಾಗಿಯೇ ರಾತ್‌ಮನ್, ಶೆಕ್‌ಮನ್, ಸ್ಯೂಡಾಫ್ ಎಂಬ ಮೂವರಿಗೆ 2013ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಯಾವ ಚೀಲವು ಯಾವ ಬಾಗಿಲಿಗೆ ಸೇರಬೇಕೆಂಬುದನ್ನು ನಿರ್ಧರಿಸುವುದರಲ್ಲಿ ರ‍್ಯಾಬ್ ಎಂಬ ಕುಲದ ಪ್ರೋಟೀನುಗಳಿಗೆ ದೊಡ್ಡ ಪಾಲುಂಟು. ಮನುಷ್ಯನ ಅನುವಂಶಿಕ ಲಿಪಿಯಲ್ಲಿ ಅವುಗಳಿಗೆ ಸಂಬಂಧಿಸಿದ ಭಾಗವನ್ನು ನಕಲುಮಾಡಿ ಬ್ಯಾಕ್ಟೀರಿಯಕ್ಕೆ ಸೇರಿಸಿದರೆ, ಅದು ಆ ಬರಹವನ್ನೋದಿ ಮಾನವ ಪ್ರೋಟೀನನ್ನು ಕಟ್ಟಿಕೊಡುತ್ತದೆ. ಲಿಪಿ ಮನುಷ್ಯನದು, ದ್ರವ್ಯ ಬ್ಯಾಕ್ಟೀರಿಯ ಉಂಡ ಆಹಾರದ್ದು.

ಲಿಪಿಯಾದರೂ ಮನುಷ್ಯನದೇ ಏನು? ಯೀಸ್ಟಿನಲ್ಲಿ ಇಂಥದೇ ಕೆಲಸ ಮಾಡುವ ಒಂದು ಪ್ರೋಟೀನನ್ನು ತೆಗೆದು, ಅದರ ಸ್ಥಾನದಲ್ಲಿ ಇಲಿಯದನ್ನಿಟ್ಟರೂ ಯೀಸ್ಟು ಬದುಕಬಲ್ಲುದೆಂದು 1989ರಲ್ಲಿಯೇ ತೋರಿಸಲಾಗಿದೆ. ಹಿಟ್ಟು ಹುಳಿಯಿಸುವ ಜೀವಿಗೂ ನಮಗೂ ಈ ಏರ್ಪಾಡು ಒಂದೇ ಮೂಲದಿಂದ ಬಂದುದು. ಮನುಷ್ಯನು ಹುಟ್ಟುವುದಕ್ಕೆ ಎಷ್ಟೋ ಕೋಟಿ ವರ್ಷಗಳ ಹಿಂದಿನದು. ಆದುದರಿಂದ ಸೀಸೆಯ ಮೇಲಿನ ‘ಮಾನವ’ ಎಂಬ ಮಾತು ಗೋತ್ರವನ್ನು ಹೇಳುವಂಥದು, ಒಡೆತನವನ್ನಲ್ಲ. ಬ್ಯಾಕ್ಟೀರಿಯದ ಸಂಪರ್ಕದಿಂದ ಮಾನವತ್ವಕ್ಕೆ ಕುಂದಾಯಿತೆಂದು ಕಳವಳಪಡುವವರಿಗೆ ಇಷ್ಟು ಸಮಾಧಾನ ಸಾಕು. ಆ ಅಜ್ಜಿಯೇ ದಿನವೂ ಚುಚ್ಚಿಕೊಳ್ಳುವ ಇನ್ಸುಲಿನ್ ಬೆಂಗಳೂರಿನ ಬಯೋಕಾನ್ ಸಂಸ್ಥೆಯದಾಗಿರಬಹುದು. 2004ರಲ್ಲಿ ಆ ಸಂಸ್ಥೆಯು ಮಾರಾಟಕ್ಕೆ ತಂದ ಮಾನವ ಇನ್ಸುಲಿನ್ ತಯಾರಾಗುವುದು ಯೀಸ್ಟಿನಲ್ಲಿಯೇ. ಹಿಂದೆ ಇದನ್ನು ದನ ಹಂದಿಗಳ ಮೇದೋಜೀರಕಾಂಗದಿಂದ ತೆಗೆಯುತ್ತಿದ್ದರು. ಯೀಸ್ಟಿನ ಮಡಿಯನ್ನು ಪ್ರಶ್ನಿಸುವವರು ಆ ಕಾಲವನ್ನು ಮರೆತಿರುತ್ತಾರೆ.

ಹಾಗಾದರೆ ಅದು ಯಾರದೂ ಅಲ್ಲದ ಸರಕು, ಬೆಲೆ ಕೊಟ್ಟವನದು ಎಂದು ವಾದಿಸುವವರುಂಟು. ಈ ವಾದವು ಒಪ್ಪತಕ್ಕದ್ದಲ್ಲ. ಏರ್ಪಾಡು ಯಾರದೂ ಅಲ್ಲದಿದ್ದರೂ ಅದನ್ನು ಓದಿ ತಿಳಿದುದು ಯಾರಾದರೊಬ್ಬರ ದೇಹದಿಂದಲೇ. ಕೋಶದೊಳಗಣ ಸಂಚಾರವನ್ನು ಕಾಣಲು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಸುವ ಹೀಲಾ ಕೋಶಗಳು, 1951ರಲ್ಲಿ ಅಮೆರಿಕದ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕರಿಯ ಹೆಂಗಸಿನ ವ್ರಣದಿಂದ, ಆಕೆಯನ್ನು ಕೇಳದೆಯೇ ತೆಗೆದುಕೊಂಡವು. ಆಕೆ ಅದೇ ವರ್ಷ ತೀರಿಕೊಂಡಳು. ಆ ಕೋಶಗಳಿಂದ ಲಾಭ ಪಡೆದ ಒಂದು ದೊಡ್ಡ ಸಂಸ್ಥೆಯು ಆಕೆಯ ವಂಶದವರೊಡನೆ ರಾಜಿಗೆ ಬಂದುದು 2023ರಲ್ಲಿ, ಎಪ್ಪತ್ತೆರಡು ವರ್ಷಗಳ ತರುವಾಯ.

ಇದಕ್ಕೆ ಎದುರಾದ ಇನ್ನೊಂದು ಸಂಗತಿ ಇನ್ನೂ ವಿಚಿತ್ರವಾದುದು. ಮನುಷ್ಯನ ಅನುವಂಶಿಕ ಲಿಪಿಯನ್ನು ಮೊದಲ ಬಾರಿಗೆ ಓದಿದಾಗ ಸಿದ್ಧವಾದ ಆಧಾರಪ್ರತಿಯ ಸುಮಾರು 70 ಪಾಲು ಒಬ್ಬನೇ ಮನುಷ್ಯನದು. ಅಮೆರಿಕದ ಬಫೆಲೋ ಪಟ್ಟಣದ ಪತ್ರಿಕೆಯಲ್ಲಿ 1997ರಲ್ಲಿ ಬಂದ ಪ್ರಕಟಣೆಯನ್ನು ನೋಡಿ ತಾನಾಗಿ ಬಂದು ರಕ್ತವಿತ್ತವನು ಆತ. ಲ್ಯಾಕ್ಸಳ ಒಪ್ಪಿಗೆಯಿಲ್ಲ, ಹೆಸರುಂಟು. ಇವನ ಒಪ್ಪಿಗೆಯುಂಟು, ಹೆಸರಿಲ್ಲ. ಆ ಒಪ್ಪಿಗೆಯೂ ಅಷ್ಟು ನಿರ್ಮಲವಾದುದಲ್ಲ: ಯಾವೊಬ್ಬನಿಂದಲೂ ಇಷ್ಟು ದೊಡ್ಡ ಪಾಲು ಬರುವುದಿಲ್ಲವೆಂದು ದಾನಿಗಳಿಗೆ ಮುಂಚೆ ತಿಳಿಸಲಾಗಿತ್ತು.

ಋಣವೆಂಬುದನ್ನು ಹಣದಿಂದಲೇ ತೀರಿಸಬೇಕೆಂದು ನಮ್ಮ ಹಿರಿಯರು ಹೇಳಲಿಲ್ಲ. ಋಷಿಗಳಿಗೆ ತೀರಿಸುವ ಋಣವನ್ನು ಅಧ್ಯಯನದಿಂದಲೇ ತೀರಿಸಬೇಕೆಂದರು. ಆ ಅರ್ಥದಲ್ಲಿ ಸೀಸೆಯ ಎರಡನೆಯ ಮಾತು ಮೊದಲನೆಯದಕ್ಕಿಂತ ಪ್ರಾಮಾಣಿಕವಾದುದು. ಬ್ಯಾಕ್ಟೀರಿಯದ ವಿಷಾಂಶವು ಒಳಗೆ ಉಳಿದಿರಬಹುದು, ಔಷಧಕ್ಕೆ ಬೇಕಾದ ಪರೀಕ್ಷೆಗಳು ನಡೆದಿಲ್ಲ, ಆದುದರಿಂದ ಮೈಗೆ ಸೇರಿಸಬೇಡಿರಿ ಎಂದು ಅದು ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುತ್ತದೆ. ಯಾರಿಂದ ಬಂದಿತೆಂಬುದನ್ನು ಮಾತ್ರ ಯಾವ ಸೀಸೆಯೂ ಹೇಳುವುದಿಲ್ಲ. ಮೊಮ್ಮಗಳು ಆ ಪ್ರೋಟೀನಿನ ಲಿಪಿಯನ್ನು ಹುಡುಕಿದರೆ ಅವಳಿಗೆ ದೊರೆಯುವುದು ಒಂದು ಸಂಖ್ಯೆ. ಅಜ್ಜಿ ಕೇಳಿದ್ದು ಸಂಖ್ಯೆಯನ್ನಲ್ಲ.