ಇಂದಿನ ಧಮ್ಮ ಚಿಂತನೆ: ನಮ್ಮ ಅಳತೆ



ಹೋದ ಭಾನುವಾರ ಅವ್ವ ಮತ್ತು ಮಗಳ ಜೊತೆ ಬಟ್ಟೆ ಅಂಗಡಿಗೆ ಹೋಗಿದ್ದೆ. ಅಕ್ಟೋಬರ್ 14ರ ಧಮ್ಮದೀಕ್ಷಾ ದಿನಕ್ಕೆ ಮಗಳಿಗೊಂದು ಬಿಳಿ ಕುರ್ತಾ ಬೇಕಿತ್ತು. ಅವಳು ಒಂದೊಂದನ್ನೇ ಹಾಕಿಕೊಂಡು ಬಂದು ಕನ್ನಡಿ ಮುಂದೆ ನಿಲ್ಲುವಳು, ಎರಡೂ ಕೈ ಮೇಲೆತ್ತುವಳು, ಸ್ಟೂಲಿನ ಮೇಲೆ ಕೂತು ಏಳುವಳು, "ಇದು ಆಗಲ್ಲಪ್ಪ" ಎಂದು ಮತ್ತೆ ಒಳಗೆ ಹೋಗುವಳು. ಆರನೆಯದಕ್ಕೆ ನನ್ನ ತಾಳ್ಮೆ ಮುಗಿಯಿತು. "ನಾವು ಹೋಗೋದು ವಿಹಾರಕ್ಕಮ್ಮ, ಮದುವೆಗಲ್ಲ. ಯಾವುದೋ ಒಂದು ತಗೋ" ಎಂದು ಅಂಗಡಿಯವರ ಎದುರಿಗೇ ಗದರಿದೆ. ಮಗಳ ಮುಖ ಸಣ್ಣದಾಯಿತು.

ಮೂಲೆಯಲ್ಲಿ ಕೂತಿದ್ದ ಅವ್ವ ಮೆಲ್ಲಗೆ ಅಂದಳು: "ಬುಡಪ್ಪ, ನೋಡ್ಲಿ. ನಿಂಗೆ ನಾನು ಹಾಕ್ಸಿದ್ದೆಲ್ಲ ಬ್ಯಾರೆಯವರ ಅಳ್ತೇದು. ಅವಳಿಗಾದ್ರೂ ಅವಳ ಅಳ್ತೇದು ಸಿಕ್ಲಿ."

ನನಗೆ ಮಾತೇ ಹೊರಡಲಿಲ್ಲ.

ಐದನೇ ಕ್ಲಾಸಿನವರೆಗೂ ನಾನು ಹೊಸ ಅಂಗಿ ಕಂಡವನಲ್ಲ. ಅವ್ವ ಕೂಲಿಗೆ ಹೋಗುತ್ತಿದ್ದ ಮನೆಯವರು ಕೊಟ್ಟ ಹಳೆಯ ಅಂಗಿ, ಚಡ್ಡಿಗಳೇ ನನ್ನವು. ಭುಜದ ಹೊಲಿಗೆ ಮೊಣಕೈ ಹತ್ತಿರಕ್ಕೆ ಇಳಿಬಿದ್ದಿರುತ್ತಿತ್ತು. ಚಡ್ಡಿ ಜಾರದಂತೆ ಉಡಿದಾರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ಒಂದು ದಿನ ಆ ಮನೆಯ ಹುಡುಗ ತರಗತಿಯಲ್ಲಿ ಎಲ್ಲರಿಗೂ ಕೇಳುವಂತೆ "ಅದು ನನ್ನ ಅಂಗಿ" ಅಂದ. ಅವನು ಸುಳ್ಳು ಹೇಳಿರಲಿಲ್ಲ. ಅವತ್ತಿನಿಂದ ಬೋರ್ಡಿನ ಹತ್ತಿರ ಕರೆದರೆ ಎದ್ದು ಹೋಗಲು ಹೆದರುತ್ತಿದ್ದೆ. ಈಗ ದಿನವೂ ಬೋರ್ಡಿನ ಮುಂದೆ ನಿಂತು ಪಾಠ ಮಾಡುವ ನಾನೇ ಮಗಳಿಗೆ "ಯಾವುದೋ ಒಂದು" ಅಂದಿದ್ದೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಹೆಣದ ಮೇಲಿನ ಬಟ್ಟೆಯೇ ಚಂಡಾಲರ ಉಡುಪು ಎಂದು ಮನುಸ್ಮೃತಿಯ ಹತ್ತನೇ ಅಧ್ಯಾಯ ವಿಧಿಸಿತ್ತು. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಆ ಗ್ರಂಥವನ್ನು ಸುಡಲಾಯಿತು. ಅದೇ ಸಮ್ಮೇಳನದ ದಿನಗಳಲ್ಲಿ ಅವರು ನಮ್ಮ ಹೆಣ್ಣುಮಕ್ಕಳ ಮುಂದೆ ನಿಂತು ಉಡುಗೆಯ ಬಗ್ಗೆ ಮಾತಾಡಿದರು. ಅಸ್ಪೃಶ್ಯರೆಂದು ಗುರುತು ಹಿಡಿಸುವ ಉಡುಗೆ ತೊಡುಗೆಯನ್ನು ಬಿಡಿ, ಬಟ್ಟೆ ಹರಿದಿದ್ದರೂ ಶುಭ್ರವಾಗಿರಲಿ ಎಂದರು. ಅದನ್ನು ಕೇಳಿದ ತಾಯಂದಿರು ಸೀರೆ ಉಡುವ ರೀತಿಯನ್ನೇ ಬದಲಾಯಿಸಿಕೊಂಡರು. ಬಾಬಾಸಾಹೇಬರಿಗೆ ಬಟ್ಟೆ ಸಣ್ಣ ವಿಷಯವಾಗಿರಲಿಲ್ಲ.

ಹಾಗಾದರೆ ಇಷ್ಟೊಂದು ಆರಿಸುವುದು ತಣ್ಹಾ ಅಲ್ಲವೇ? ಚೀವರ ಇರುವುದು ಚಳಿ, ಬಿಸಿಲು, ಸೊಳ್ಳೆಗಳಿಂದ ಕಾಪಾಡಿಕೊಳ್ಳಲು ಮತ್ತು ಮಾನ ಮುಚ್ಚಿಕೊಳ್ಳಲು ಎಂದು ಸಬ್ಬಾಸವ ಸುತ್ತದಲ್ಲಿ ಬುದ್ಧರು ಹೇಳುತ್ತಾರೆ. ಆದರೆ ಅಳತೆಯನ್ನು ಅವರು ಅಲಕ್ಷಿಸಲಿಲ್ಲ. ವಿನಯ ಪಿಟಕದಲ್ಲೊಂದು ಪ್ರಸಂಗವಿದೆ. ಬುದ್ಧರ ಚಿಕ್ಕಮ್ಮನ ಮಗ ನಂದ ಅವರಿಗಿಂತ ನಾಲ್ಕು ಬೆರಳು ಕುಳ್ಳು. ಆದರೂ ಬುದ್ಧರ ಅಳತೆಯ ಚೀವರವನ್ನೇ ಹೊದೆಯುತ್ತಿದ್ದ. ದೂರದಿಂದ ಕಂಡ ಹಿರಿಯ ಭಿಕ್ಷುಗಳು ಭಗವಾನರೇ ಬಂದರೆಂದು ಎದ್ದು ನಿಂತರು. ಆಮೇಲೆ ಬುದ್ಧರು, ತಮ್ಮ ಅಳತೆಯ ಚೀವರವನ್ನು ಯಾರೂ ಮಾಡಿಸಿಕೊಳ್ಳಬಾರದೆಂದು ನಿಯಮ ಮಾಡಿದರು. ಇದರಲ್ಲಿ ನನಗೆ ಕಾಣುವುದಿಷ್ಟು: ಬುದ್ಧರದೇ ಆಗಿದ್ದರೂ ಅದು ಇನ್ನೊಬ್ಬರ ಅಳತೆ.

ನನ್ನ ಮೈಗೆ ಯಾವುದು ಒಪ್ಪುತ್ತದೆ ಎಂದು ನೋಡುವುದು ಎಚ್ಚರ. ನೋಡುವವರ ಕಣ್ಣು ಕುಕ್ಕಬೇಕೆಂದು ಕೊಳ್ಳುವುದು ತಣ್ಹಾ. ಭುಜದ ಹೊಲಿಗೆ ಭುಜದ ತುದಿಯಲ್ಲೇ ಕೂರಬೇಕು, ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯಬಾರದು, ಕೂತರೆ ಬಿಗಿಯಬಾರದು. ಉದ್ದವನ್ನೂ ಸೊಂಟವನ್ನೂ ಟೈಲರ್ ಸರಿಮಾಡಿಯಾನು, ಭುಜ ತಪ್ಪಿದರೆ ಕಷ್ಟ. ಮಗಳು ನೋಡುತ್ತಿದ್ದುದು ಇಷ್ಟನ್ನೇ. ಕಂಪನಿಯ ಹೆಸರನ್ನು ಅವಳು ತಿರುಗಿಸಿಯೂ ನೋಡಿರಲಿಲ್ಲ.

ಎಂಟನೆಯ ಕುರ್ತಾ ಸರಿಹೋಯಿತು. "ತಪ್ಪಾಯ್ತಮ್ಮ" ಅಂದೆ. ಬೇಡವಾದ ಏಳನ್ನೂ ಇಬ್ಬರೂ ಸೇರಿ ಮಡಿಸಿದೆವು. ಬೆಳಗಿನಿಂದ ನಿಂತೇ ಇದ್ದ ಅಂಗಡಿಯ ಹುಡುಗಿ "ಇರ್ಲಿ ಬಿಡಿ ಸರ್" ಎಂದು ನಕ್ಕಳು.

ಇಂದಿನ ಅಭ್ಯಾಸ: ಮನೆಯಲ್ಲಿರುವ ಹಳೆಯ ಬಟ್ಟೆಯನ್ನು ಯಾವುದಾದರೂ ಮಗುವಿಗೆ ಕೊಡುವುದಿದ್ದರೆ ಒಗೆದು, ಕಿತ್ತುಹೋದ ಗುಂಡಿ ಹಚ್ಚಿ, ಆ ಮಗುವಿನ ಅಳತೆ ಕೇಳಿ ಕೊಡೋಣ. ಕೊಟ್ಟ ಮೇಲೆ ಅದು ನಮ್ಮ ಅಂಗಿಯಲ್ಲ ಎಂದು ನಮ್ಮ ಮಕ್ಕಳಿಗೂ ಹೇಳಿಕೊಡೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.