ಇನ್ನೊಸಿ ಹತ್ರ

ನಾಗಮಂಗಲದ ನಮಗೆ ತುಂಬಿದ ಹೊಳೆ ಅಂದರೆ ಅದೇ ಒಂದು ಸಂಭ್ರಮ. ಮನೆಗೆ ನೆಂಟರು ಬಂದರೆ ಸೌಮ್ಯಕೇಶವನ ಗುಡಿ ತೋರಿಸಿ, ಮಾರನೇ ದಿನ ಪಾಂಡವಪುರದ ಮೇಲೆ ರಂಗನತಿಟ್ಟಿಗೆ ಕರೆದುಕೊಂಡು ಹೋಗೋದು ವಾಡಿಕೆ. ಹಾಗೆ ಹೋದಾಗಲೆಲ್ಲ ದೋಣಿಯಲ್ಲಿ ಯಾರಾದರೂ ಒಬ್ಬರ ಬಾಯಿಂದ ತಪ್ಪದೆ ಬರುವ ಮಾತು: “ಇನ್ನೊಸಿ ಹತ್ರ ಹೋಗಿ.”

ಹೋದ ಸಲ ನಮ್ಮ ಜೊತೆ ಕೂತಿದ್ದವರೊಬ್ಬರು ಮೊಬೈಲ್ ಹಿಡಿದು ಅದನ್ನೇ ಕೇಳಿದರು. ಎದುರಿನ ತಿಟ್ಟಿನ ಮರದಲ್ಲಿ ಬಣ್ಣದ ಕೊಕ್ಕರೆಯೊಂದು ಕಾವಿಗೆ ಕೂತಿತ್ತು. ತಲೆ ನರೆತ ದೋಣಿಯವರು ಹುಟ್ಟು ಹಾಕೋದನ್ನ ನಿಲ್ಲಿಸಿದರು. “ಹೋಗ್ಬೋದು ಸಾ. ಹೋದ್ರೆ ಅದು ಎದ್ದೋಯ್ತದೆ. ಮೊಟ್ಟೆ ಬಿಸ್ಲಿಗ್ ಬೀಳ್ತದೆ. ಆ ಕಾಗೆ ಅದ್ಕೇ ಕಾಯ್ತಾ ಕೂತದೆ.”

ಅಷ್ಟೇ ಮಾತು. ನನಗೆ ಮಾತ್ರ ಅಲ್ಲಿಂದ ಒಂದು ಪ್ರಶ್ನೆ ಹತ್ತಿಕೊಂಡಿತು. ಇನ್ನೊಂದು ಜೀವದ ಹತ್ತಿರ ಹೋಗಲು ನಮಗಿರುವ ಹಕ್ಕು ಎಷ್ಟು? ಟಿಕೆಟ್ ಕೊಂಡರೆ ಅದು ಬಂದುಬಿಡುತ್ತದೆಯೇ?

ಹೋಗಲೇಬಾರದು ಅನ್ನೋದು ಸುಲಭದ ಉತ್ತರ. ಅದು ಸರಿಯಲ್ಲ. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿದ್ದರಿಂದಲೇ, ಅವರು ಮೈಸೂರು ಅರಸರಿಗೆ ಹೇಳಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಯಾರೂ ನೋಡದ ಜಾಗವನ್ನ ಉಳಿಸಿ ಅಂತ ಕೇಳೋರೂ ಇರೋದಿಲ್ಲ. ಹಾಗಾಗಿ ನೋಡೋದು ತಪ್ಪಲ್ಲ. ಆ ಹತ್ತಿರ ಹೇಗೆ ಸಿಕ್ಕಿತು ಅನ್ನೋದೇ ಪ್ರಶ್ನೆ.

ನಮ್ಮ ಜಿಲ್ಲೆಯದೇ ಕೊಕ್ಕರೆ ಬೆಳ್ಳೂರು ನೋಡಿ. ಅಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಜನ, ದನ, ಎತ್ತಿನಗಾಡಿ ಎಲ್ಲ ಓಡಾಡುತ್ತಿದ್ದರೂ ಅವಕ್ಕೆ ಭಯವಿಲ್ಲ. ಇದು ಹಕ್ಕಿ ತಾನಾಗಿ ಕೊಟ್ಟ ಹತ್ತಿರ.

ಇನ್ನೊಂದು ದೂರದ ಉದಾಹರಣೆ, ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದ್ದು. ಅಲ್ಲಿನ ಮೀನುಗಾರರು ಅಲೆಯಿಲ್ಲದ ಮರಳುದಿಬ್ಬದ ಹತ್ತಿರ ದೋಣಿ ನಿಲ್ಲಿಸಿ ಮೀನು ಹಸನು ಮಾಡಿ, ಕಸರು ನೀರಿಗೆ ಎಸೆಯುತ್ತಿದ್ದರು. ಅದನ್ನು ತಿನ್ನಲು ಸ್ಟಿಂಗ್‌ರೇ ಮೀನುಗಳು, ನಮ್ಮ ಕರಾವಳಿಯವರು ತೊರಕೆ ಅನ್ನೋ ಜಾತಿಯವು, ಸೇರತೊಡಗಿದವು. 1980ರ ದಶಕದಿಂದ ಅದೇ ಪ್ರವಾಸಿ ತಾಣ. ಈಗ ದೊಡ್ಡ ಹಡಗುಗಳಲ್ಲಿ ಬಂದವರನ್ನ ಸ್ಥಳೀಯರು ದೋಣಿಯಲ್ಲಿ ಕರೆದೊಯ್ಯುತ್ತಾರೆ. ಜನ ಸೊಂಟದುದ್ದದ ನೀರಲ್ಲಿ ನಿಂತು ಮೀನಿಗೆ ಮೇವು ಹಾಕಿ ಮೈ ಸವರುತ್ತಾರೆ. ಮೀನನ್ನ ನೀರಿಂದ ಮೇಲೆತ್ತಬಾರದು ಅಂತ ಅಲ್ಲಿ ಕಾನೂನಿದೆ. ಆದರೆ ಸಹಜವಾಗಿ ರಾತ್ರಿ ಓಡಾಡಿ ತಿನ್ನೋ ಆ ಮೀನು, ಮೇವಿನ ಆಸೆಗೆ ಹಗಲು ತಿರುಗೋದನ್ನ ಕಲಿತಿದೆ ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಇದು ಕೊಂಡ ಹತ್ತಿರ. ಗೂಡಿನ ಬುಡಕ್ಕೆ ದೋಣಿ ನುಗ್ಗಿಸಿದರೆ ಅದು ಕಿತ್ತುಕೊಂಡ ಹತ್ತಿರ.

ಫೋಟೋದಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಿರೋದು ದೋಣಿ ನಡೆಸುವವರಿಗೆ. ಯಾವ ಬಂಡೆ ಮೇಲೆ ಮೊಸಳೆ ಮಲಗಿರುತ್ತದೆ, ಹಕ್ಕಿ ಕತ್ತು ಎತ್ತಿದ್ದು ಕುತೂಹಲಕ್ಕೋ ಗಾಬರಿಗೋ, ಕನ್ನಂಬಾಡಿಯಿಂದ ನೀರು ಬಿಟ್ಟರೆ ದೋಣಿ ಯಾವಾಗ ಕಟ್ಟಿಹಾಕಬೇಕು, ಇದೆಲ್ಲ ವರ್ಷಗಟ್ಟಲೆ ಹುಟ್ಟು ಹಾಕಿದ ಕೈಗೆ ಗೊತ್ತು.

ಕಷ್ಟ ಇರೋದೇ ಇಲ್ಲಿ. ಎಲ್ಲ ಗೊತ್ತಿರುವವರ ಅನ್ನ, ಏನೂ ಗೊತ್ತಿಲ್ಲದವರ ಖುಷಿಯ ಮೇಲೆ ನಿಂತಿದೆ. ರಂಗನತಿಟ್ಟಿನಲ್ಲಿ ನಾವು ಕೌಂಟರಿನಲ್ಲೇ ಟಿಕೆಟ್ ಕೊಂಡು ದೋಣಿ ಹತ್ತುತ್ತೇವೆ. ಹತ್ತಿರ ಹೋದರೂ ದೂರ ನಿಂತರೂ ದುಡ್ಡು ಅಷ್ಟೇ. ‘ಬೇಡ’ ಅನ್ನೋ ಮಾತಿಗೆ ಅದೊಂದು ಆಸರೆ. ಆದರೆ ದಡದಲ್ಲಿ ಹತ್ತು ದೋಣಿ ಪೈಪೋಟಿಗೆ ನಿಂತ ಕಡೆ, ‘ಬೇಡ’ ಅಂದವನ ಗಿರಾಕಿ ಪಕ್ಕದ ದೋಣಿ ಹತ್ತುತ್ತಾನೆ. ಆಗ ಸಂಜೆ ಮನೆಗೆ ಅಕ್ಕಿ ಒಯ್ಯಬೇಕಾದವನಿಗೆ ನೀತಿ ಹೇಳೋದು ನಮಗೆ ಸುಲಭ. ಬೆಲೆ ಕೊಡೋನು ಅವನು.

ಬಿಡೋದರಿಂದ ಕಡಿಮೆ ಕಳೆದುಕೊಳ್ಳುವವರು ಮೊದಲು ಬಿಡಬೇಕು. ನನಗೆ ತಿಳಿದ ಮಟ್ಟಿಗೆ ನ್ಯಾಯ ಅಂದರೆ ಇದು. ಹತ್ತಿರ ಹೋಗದಿದ್ದರೆ ಪ್ರವಾಸಿಗೆ ಹೋಗೋದು ಒಂದು ಫೋಟೋ. ಗಿರಾಕಿ ಮುನಿಸಿಕೊಂಡರೆ ದೋಣಿಯವನಿಗೆ ಒಂದು ದಿನದ ಸಂಪಾದನೆ. ಎದ್ದು ಹಾರಿದರೆ ಹಕ್ಕಿಗೆ ಆ ವರ್ಷದ ಮರಿ. ಈ ಲೆಕ್ಕ ಹಾಕಿದರೆ ಮೊದಲು ಸುಮ್ಮನಾಗಬೇಕಾದವರು ಯಾರು ಅಂತ ಬೇರೆ ಹೇಳಬೇಕಿಲ್ಲ. ದೋಣಿಯವರು ‘ಬೇಡ’ ಅನ್ನೋ ಪ್ರಮೇಯವೇ ಬರದಂತೆ ಕೂರೋದು ನಮ್ಮ ಪಾಲಿನ ಕೆಲಸ. ಅದಕ್ಕೆ ಹಕ್ಕಿಯ ಹೆಸರೂ ಗೊತ್ತಿರಬೇಕಿಲ್ಲ.